ಏಣಿ ಹಿಡಿದವಳು

ಗಾಳಿ ಹೋಗಿ ಹನ್ನೊಂದನೆಯ ದಿನ
ಆನ್ಸೆಲ್ಮ್ ಬಂದ. ಕರೆದಿರಲಿಲ್ಲ.
ಸೇತುವೆ ಕೊಚ್ಚಿಹೋದಲ್ಲಿ ಹೊಳೆಗಿಳಿದು
ಸೊಂಟದವರೆಗೆ ಒದ್ದೆಯಾಗಿ;
ಸುತ್ತಿಗೆ, ಗರಗಸ, ಕಿವಿಯ ಸಂದಿಯಲ್ಲಿ ಅದೇ ಮೋಟು ಪೆನ್ಸಿಲು.

"ಮಾಡು ಹೋಯಿತಂತೆ" ಎಂದ.
ನಾನು ಮೇಲೆ ನೋಡಿದೆ. ಅವನೂ ನೋಡಿದ.
ಅಡುಗೆಮನೆಯ ಮೇಲೆ ಆಕಾಶ,
ಮಲಗುವ ಕೋಣೆಯ ಮೇಲೆ ನೀಲಿ ಟಾರ್ಪಾಲು,
ಅದರ ಹೊಟ್ಟೆಯಲ್ಲಿ ನೀರು.

ಡೊಮಿನಿಕದ ಈ ಮೂಡಣ ದಡದಲ್ಲಿ
ಗುಡ್ಡಗಳೆಲ್ಲ ಆಗ ಬೋಳು.
ಒಂದೇ ರಾತ್ರಿಗೆ ಎಲೆಯೆಲ್ಲ ಹೋಗಿ
ಎಂದೂ ಕಾಣದ ಮನೆಗಳು ಕಾಣುತ್ತಿದ್ದವು,
ಮಾ ಟೈಟಸ್ ಅವರ ಕಕ್ಕಸು ಸಹ, ಬಾಗಿಲಿಲ್ಲದೆ;
ಅವರು ಒಳಗಿಂದಲೇ ನಮಗೆ ಕೈ ಬೀಸುವರು.

ತಗಡು ಹುಡುಕಲು ಹೋದೆವು.
ಹತ್ತರಲ್ಲಿ ನಾಲ್ಕು ಸಿಕ್ಕವು:
ಒಂದು ಚರ್ಚಿನ ಗಂಟೆಗೆ ಸುತ್ತಿಕೊಂಡು,
ಒಂದು ಜೀಗುಜ್ಜೆ ಮರದ ಎದೆಯಲ್ಲಿ ಕೊಡಲಿಯಂತೆ ನಾಟಿಕೊಂಡು,
ಎರಡು ಗೆಣಸಿನ ಪಾತಿಯಲ್ಲಿ, ಏನೂ ಆಗದವರಂತೆ ಮಲಗಿ.
ಉಳಿದವು ಯಾರದೋ. ಒಂದರ ಮೇಲೆ ಹಸಿರು ಬಣ್ಣದಲ್ಲಿ
ಅರ್ಧ ಹೆಸರು, ಯಾವುದೋ ಅಂಗಡಿಯದು.
ಕದ್ದಂತಾಗುವುದಿಲ್ಲವೇ ಎಂದೆ.
"ನಮ್ಮ ಆರು ಅವರ ಮೇಲಿರಬಹುದು" ಎಂದ.
ನಮ್ಮ ಎಂದದ್ದು ಇಬ್ಬರಿಗೂ ಕೇಳಿಸಿತು.

ಪೇಟೆಯಲ್ಲಿ ಮೊಳೆಯಿಲ್ಲ; ಹಡಗು ಬಂದರೆ ಉಂಟು.
ತಂಗಿಯ ಮಗ ಜರ್ವಿನ್ ಮುರಿದ ರೀಪಿನಿಂದ
ಬಾಗಿದ ಮೊಳೆ ಕಿತ್ತು, ಕಲ್ಲ ಮೇಲಿಟ್ಟು
ಟಕ್ ಟಕ್, ನೆಟ್ಟಗೆ ಮಾಡುವನು.
ಮೊದಲ ದಿನ ಬೆರಳಿಗೆ ಎರಡು, ಮೊಳೆಗೆ ಒಂದು ಏಟು,
ಮೂರನೆಯ ದಿನಕ್ಕೆ ಹಾಡಿಕೊಂಡು.
ಒಮ್ಮೆ ಬಾಗಿದ್ದು ಪೂರ್ತಿ ನೆಟ್ಟಗಾಗದು.
ಆನ್ಸೆಲ್ಮನಿಗೆ ಗೊತ್ತು; ಅದು ಬಾಗುವ ಕಡೆಗೇ
ಓರೆಯಾಗಿ ಹೊಡೆಯುತ್ತಾನೆ. ಹಿಡಿಯುತ್ತದೆ.

ನಾನು ಏಣಿ ಹಿಡಿದೆ.
ಆರು ವರ್ಷ ಮದುವೆ, ಎರಡು ವರ್ಷ ಕಾಗದದ ಬಿಡುಗಡೆ,
ಇಷ್ಟು ಹೊತ್ತು ಅವನ ಹಿಮ್ಮಡಿ ನೋಡಿದವಳಲ್ಲ.
ಬಿರುಕಿನಲ್ಲಿ ಸಿಮೆಂಟು. ಎಡಗಾಲಿಗೆ ಇನ್ನೂ
ಮೆಟ್ಟುವ ಮೊದಲು ಮುಟ್ಟಿ ನೋಡುವ ಅಭ್ಯಾಸ.
ಒಮ್ಮೆಯೂ ಬಾಗಿಲಿಂದ ಒಳಗೆ ಬರಲಿಲ್ಲ,
ನೀರು ಕೇಳಿದ್ದೂ ಹೊಸ್ತಿಲಾಚೆಯಿಂದ.
ಆದರೆ ಮೇಲಿನಿಂದ ಎಲ್ಲ ಕಾಣುತ್ತದಲ್ಲ,
ರೀಪುಗಳ ನಡುವೆ ತಲೆ ಬಗ್ಗಿಸಿ
"ಮಂಚ ಆಚೆ ಗೋಡೆಗೆ ಹಾಕಿದ್ದೀ" ಎಂದ.
"ಈಚೆ ಸೋರುತ್ತಿತ್ತು."
"ಯಾವಾಗಿನಿಂದ?"
"ಗಾಳಿಗೆ ಮುಂಚಿನಿಂದ."
ಬಾಯಲ್ಲಿ ಮೊಳೆ ಇಟ್ಟುಕೊಂಡ. ಮತ್ತೆ ಮಾತಿಲ್ಲ.

ಈ ಸಲ ಪ್ರತಿ ತೊಲೆಗೂ ಕಬ್ಬಿಣದ ಪಟ್ಟಿ,
ಎರಡೂ ಕಡೆ ಮಡಚಿ, ಗೋಡೆಗೆ ಬಿಗಿದು.
ಇನ್ನೊಂದು ಅಂಥದೇ ಬಂದರೆ ಎಂದೆ.
"ಬರುತ್ತದೆ. ಆಗ ಮಾಡಿನ ಜೊತೆ ಮನೆಯೂ ಹೋಗುತ್ತದೆ,
ಹುಡುಕಲು ಸುಲಭ."
ನಕ್ಕೆ. ಏಣಿ ಅಲುಗಿತು. ಬೈದ.

ಐದನೆಯ ಸಂಜೆ ಕೊನೆಯ ತಗಡು,
ಇನ್ನೊಬ್ಬರ ಮೊಳೆ ಬಿಟ್ಟುಹೋದ ತೂತುಗಳಿಗೆ ಡಾಂಬರು.
ಕೂಲಿ ಎಷ್ಟು ಎಂದೆ.
ಮಿಕ್ಕ ಮೊಳೆ ಕೊಡು ಎಂದ, ಆಚೆ ಇನ್ನೂ ಮೂರು ಮನೆಗಳಿವೆ.
ಜರ್ವಿನ್ ಡಬ್ಬಿ ತಂದುಕೊಟ್ಟ.
ಅದನ್ನು ಗಲಗಲ ಅನ್ನಿಸುತ್ತ ಹೊಳೆಯ ಕಡೆ ಹೋದ.

ರಾತ್ರಿ ಮಳೆ. ಹಳೆಯ ಸದ್ದಲ್ಲ,
ಒಂದೊಂದು ತಗಡಿಗೂ ಅದರದರ ಮನೆಯ ಸದ್ದು.
ಟಾರ್ಚು ಹಚ್ಚಿ ಮಲಗಿದಲ್ಲಿಂದಲೇ ನೋಡಿದೆ:
ಹಸಿರು ಅಕ್ಷರಗಳು ಒಳಮುಖವಾಗಿ, ತಲೆಕೆಳಗು;
ತೊಲೆಯ ಮೇಲೆ ಪೆನ್ಸಿಲಿನಲ್ಲಿ ಅವನ ಬರಹ.
ಏಳು ಅಡಿ ನಾಲ್ಕು. ಏಳು ನಾಲ್ಕೂವರೆ.
ಅದನ್ನು ಹೊಡೆದುಹಾಕಿ ಮತ್ತೆ ಏಳು ನಾಲ್ಕು.
ಅಳತೆಗಳಷ್ಟೇ.
ಎದ್ದು, ಕುರ್ಚಿ ಹಾಕಿಕೊಂಡು, ಹತ್ತಿರದಿಂದಲೂ ನೋಡಿದೆ.