ನಡುಗೆರೆ ಇಲ್ಲದ ಎಂಟು

ಹಿಂದಿನ ಮುಚ್ಚಳದ ಮ್ಯಾಲೆ ಕೆತ್ಯಾರ:
ಐವತ್ತು ಮೀಟರ್ ನೀರಿನಾಳ ತಡಕೊಳ್ತದ.
ದುಧನಿಯೊಳಗ ಅಷ್ಟು ಆಳದ ಬಾವಿ ನಾ ಕಂಡಿಲ್ಲ.
ನೀರಿಗೆ ಸತ್ತ ಗಡಿಯಾರನೂ
ಈ ಅಂಗಡಿಗೆ ಬಂದಿಲ್ಲ. ಬರೋವೆಲ್ಲಾ
ಬೆವರಿಗೆ ಸತ್ತವು.

ನಾಕು ಸಣ್ಣ ಸ್ಕ್ರೂ ಬಿಚ್ಚಿದರ
ಗುಂಡಿಯ ಬುಡಕ್ಕ ಬೆಳ್ಳಗ ಉಪ್ಪು,
ಉಪ್ಪಿನಕಾಯಿ ಭರಣಿ ಬಾಯಿಗೆ ಕೂತಂಗ.
ಹಲ್ಲುಜ್ಜೋ ಬ್ರಷ್ಷು, ಒಂದು ಹನಿ ಸ್ಪಿರಿಟ್ಟು,
ಇಷ್ಟೇ ನನ್ನ ವಿದ್ಯಾ.
ಅಪ್ಪ ಕೀಲಿ ಕೊಡೋ ಗಡಿಯಾರದಾಂವ,
ಕಿವಿಗೆ ಹಿಡದು ರೋಗ ಹೇಳ್ತಿದ್ದ.
ಇವಕ್ಕ ಕಿವಿ ಹಚ್ಚಿದರ ಏನೂ ಇಲ್ಲ,
ಮೂಸಿ ನೋಡಬೇಕು.

ಗುರುಬಾಯಿಯ ಗಡಿಯಾರ
ಈ ಮೇಜಿಗೆ ನಾಕು ಸಲ ಬಂದದ.
ಸೋಲಾಪುರದ ನವಿಪೇಠದಾಗ ಅಣ್ಣ ಸೋಮಲಿಂಗ ಕೊಂಡದ್ದು.
ಪೊಲೀಸ್ ಭರ್ತಿಗಂತ ಎರಡು ವರ್ಷ ಓಡಿ
ಬ್ಯಾಸತ್ತು, ಅಡತಿ ಅಂಗಡ್ಯಾಗ
ತೊಗರಿ ತೂಗಲಿಕ್ಕೆ ಕುಂತ ಅಂವ.
ಗಡಿಯಾರ ಕೂಡಲಿಲ್ಲ,
ಕೈ ಬದಲಿಸಿತು.

ಮೊದಲು ಪಟ್ಟಾ ಹರೀತು.
ಚಪ್ಪಲಿ ಹೊಲಿಯೋ ದಾರದಲೆ ಹೊಲದು ಕೊಟ್ಟೆ.
ಆಮ್ಯಾಲೆ ದೀಪ ಹೋತು.
ನಸುಕಿನ್ಯಾಗ ಓಡಾಕಿ, ಟೈಮ್ ಹೆಂಗ ನೋಡತಿ ಅಂದೆ.
"ಓಟ ಮುಗಿಯೋ ಕಡೆ ಹಾಲಿನ ಡೇರಿ ಲೈಟ್ ಅದ ಕಾಕಾ."
ಆಮ್ಯಾಲೆ ಗಾಜು. ಬಿರುಕು ಇರಲಿ ಬಿಡ್ರಿ ಅಂದಳು,
ಕೈಬೆರಳು ಅದರ ಮ್ಯಾಲೆ ಹೋಗಿ
ಅಕಿಗೆ ಅದರ ದಾರಿ ಬಾಯಿಪಾಠ ಆಗಿತ್ತು.

ನಾಕನೇ ಸಲ ಬ್ಯಾರೆ ರೋಗ.
ಕೊನೇ ಅಂಕಿಯೊಳಗ ನಡುವಿನ ಅಡ್ಡಗೆರೆ ಸತ್ತದ.
ಎಂಟು ಬಂದರ ಸೊನ್ನೆ ಕಾಣತದ.
"ಎಂಟುನೂರು ಮೀಟರಿಗೆ
ಎರಡು ಐವತ್ತು ತೋರಿಸಿದರ
ನೀ ಓಡಿದ್ದು ಐವತ್ತೋ, ಐವತ್ತೆಂಟೋ?"
ಅಕಿ ಬೂಟಿನ ಮಣ್ಣು ಮೆಟ್ಟಲಕ್ಕ ಬಡಿಯುತ್ತ ಅಂದಳು:
"ಸೊನ್ನೆ ಕಂಡರ ಎಂಟು ಅಂತ ಬರಕೊಂಡು
ಮತ್ತೊಮ್ಮೆ ಓಡತೀನಿ."

ಹೊಸಾದು ತೊಗೋ, ಕಂತಿನ ಮ್ಯಾಲೆ ಕೊಡತೀನಿ,
ನಾಡಿ ಎಣಸತದ, ಹೆಜ್ಜಿ ಎಣಸತದ, ನಿದ್ದಿನೂ ಎಣಸತದ.
"ದಿನಾ ಚಾರ್ಜ್ ಬೇಡತದಲ್ಲ ಕಾಕಾ,
ನನಗಿಂತ ಮೊದಲ ಅದು ದಣೀತದ."

ಶೆಲ್ ತಗದರ ಹಳೇ ಟೈಮ್ ಎಲ್ಲಾ ಅಳಿಸಿ ಹೋಗತಾವ.
ತಗಿಯೋಕಿಂತ ಮೊದಲ
ಹನ್ನೊಂದು ಓಟ ಬಿಲ್ಲಿನ ಹಿಂದ ಬರಕೊಂಡೆ.
ಸೊನ್ನೆ ಇದ್ದಲ್ಲಿ ನಾನೂ ಎಂಟೇ ಬರದೆ.
ಒಂದು ಕಡೆ ಮಾತ್ರ
ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು.

ಭರ್ತಿಯ ಮೈದಾನದಾಗ ಗಡಿಯಾರ ನಡಿಯಂಗಿಲ್ಲ,
ಕಾಲಿಗೆ ಅವರದೇ ಚಿಪ್ಪು ಕಟ್ಟತಾರ.
"ನಿಮ್ಮ ಹಂತ್ಯಾಕ ಇರಲಿ" ಅಂತ ಇಟ್ಟು ಹೋದಳು.
ಕೊಡುವಾಗ ಮಣಿಕಟ್ಟಿನ ಮ್ಯಾಲೆ
ಬಿಸಿಲು ಕಾಣದ ಬಿಳೀ ಪಟ್ಟಿ ಕಂಡಿತು,
ಅದಕ್ಕ ಹೊಲಿಗಿ ಬೇಕಾಗಿರಲಿಲ್ಲ.

ಮನಿಗೆ ಒಯ್ದೆ. ನಸುಕಿನ ನಾಕೂವರೆಗೆ
ಕಿಸೇದಾಗ ಹಕ್ಕಿಮರಿ ಕಿರುಚಿದಂಗ.
ಗುಂಡಿ ಒತ್ತಿದೆ, ಉಪ್ಪು ಹಿಡದದ, ಅಲುಗಂಗಿಲ್ಲ.
ಐದು ನಿಮಿಷ ಬಿಟ್ಟು ಮತ್ತ.
"ಪರೀಕ್ಷಾ ಅಕಿಗೆ, ಶಿಕ್ಷಾ ನಮಗ" ಅಂತ ಹೆಂಡತಿ ಮಗ್ಗಲಾದಳು.
ಮಂದಿ ಮಲಗಲಿ ಅಂತ
ಚಪ್ಪಲಿ ಮೆಟ್ಟಿಕೊಂಡು ಹೊರಗ ಬಂದೆ.

ನಲವತ್ತು ವರ್ಷ ಇದೇ ಊರಾಗ ಇದ್ದೇನಿ,
ಈ ಹೊತ್ತಿಗೆ ಮೈಂದರ್ಗಿ ರಸ್ತಾ ಕಂಡಿರಲಿಲ್ಲ.
ಕತ್ತಲಾಗ ಉಸಿರು ಮೊದಲು ಬರತದ,
ಆಮ್ಯಾಲೆ ಕಾಲು, ಆಮ್ಯಾಲೆ ಮನಷಾ.
ಆರೇಳು ಹುಡುಗರು, ಇಬ್ಬರು ಹುಡುಗ್ಯಾರು,
ಯಾರ ಮಾರಿನೂ ತಿಳೀಲಿಲ್ಲ,
ಗಡಿಯಾರ ಮಾತ್ರ ಎಲ್ಲಾ ನನ್ನ ಗುರ್ತಿನವು.

ಒಬ್ಬ ಹುಡುಗ, ಕೈ ಖಾಲಿ, ನಿಲ್ಲದನೇ ಕೇಳಿದ:
"ಕಾಕಾ, ಟೈಮ್ ಎಷ್ಟು?"
ಡೇರಿ ಲೈಟಿಗೆ ಹಿಡದು ನೋಡಿದೆ.
"ನಾಕು ಐವತ್ತು" ಅಂದೆ.
"ತಡಿಯೋ, ಐವತ್ತೆಂಟೂ ಇರಬಹುದು..."
ಅಂವ ಆಗಲೇ
ಮಾತು ಮುಟ್ಟದಷ್ಟು ದೂರ ಹೋಗಿದ್ದ.