ಬೊಗಸೆ

ಮಡಿಕೇರಿಯಲ್ಲಿ ಮೂರು ದಿನದ ತರಬೇತಿ,
ಮಧ್ಯಾಹ್ನದ ಊಟ, ಒಂದು ಹಸಿರು ಕೈಪಿಡಿ.
ಪುಟ ಹದಿನಾಲ್ಕು, ಪಾತ್ರಾಭಿನಯ:
‘ತಾರತಮ್ಯವನ್ನು ಮಕ್ಕಳು ಕೇಳಿದರೆ ಸಾಲದು, ಅನುಭವಿಸಬೇಕು.’
ಪೆನ್ಸಿಲಿನಲ್ಲಿ ಅಡಿಗೆರೆ ಎಳೆದುಕೊಂಡು ಬಂದೆ.

ತಿತಿಮತಿ. ಎಂಟನೇ ತರಗತಿ.
ಹಳೆ ನೋಟ್‌ಬುಕ್ ಹರಿದು ಮೂವತ್ತಾರು ಪೊಟ್ಟಣ ಕಟ್ಟಿದೆ,
ಅರ್ಧಕ್ಕೆ ಕಾಫಿಬೀಜ, ಅರ್ಧಕ್ಕೆ ಕರಿಮೆಣಸು.
ಪೊಟ್ಟಣ ಯಾಕೆಂದರೆ,
ಬರೀ ಚೀಲಕ್ಕೆ ಕೈ ಹಾಕಿಸಿದರೆ
ಈ ಊರಿನ ಬೆರಳುಗಳಿಗೆ ಕಣ್ಣು ಬೇಕಾಗಿಲ್ಲ.

ಕಾಫಿ ಸಿಕ್ಕವರು ಬೆಂಚಿಗೆ, ಒಂದು ಪೀರಿಯಡ್ಡಿನ ದಣಿಗಳು.
ಮೆಣಸು ಸಿಕ್ಕವರು ನೆಲಕ್ಕೆ, ಬಾಗಿಲ ಪಕ್ಕ.
ಅವರನ್ನು ಹೆಸರು ಹಿಡಿದು ಕರೆಯುವಂತಿಲ್ಲ,
ಅವರು ಲೋಟ ಮುಟ್ಟುವಂತಿಲ್ಲ.
ನಕ್ಕರು. ನಗಲಿ ಎಂದು ಬಿಟ್ಟೆ.
ರಿಸಾನ ಕೂರುವ ಮುಂಚೆ ವೇಲು ಹಾಸಿಕೊಂಡಳು;
ದಣಿ ಜೀವನ್ ಅದನ್ನು ಕಾಲಿನಿಂದ ಸರಿಸಿ,
‘ನಿಮಗೆಲ್ಲ ಇಷ್ಟೇ ಜಾಸ್ತಿ’ ಅಂದ.
ಕೈಪಿಡಿಯಲ್ಲಿ ಇಲ್ಲದ ಮಾತು.
ನಾನು, ದೇವರೇ, ‘ಭೇಷ್’ ಅಂದೆ.

ಪೂವಯ್ಯನಿಗೆ ಮೆಣಸು.
ಹಾಜರಿಯಲ್ಲಿ ಬಿಂದು, ಹಾಡಿಯಲ್ಲಿ ಬೊಳಕಿ, ಅವಳಿಗೆ ಕಾಫಿ.
ಚೆಂಬು ಕೊಟ್ಟು, ಕುಡಿಸು ಅಂದೆ.
ಪೂವಯ್ಯ ತೀರ್ಥಕ್ಕೆ ಒಡ್ಡುವಂತೆ ಒಂದೇ ಅಂಗೈ ಒಡ್ಡಿದ.
ನೀರು ವಾಚಿನೊಳಗೆ, ತೋಳಿನೊಳಗೆ.
ಮತ್ತೆ ಸುರಿದಳು, ಈಗ ಎರಡು ಕೈ,
ಎಲ್ಲ ಸಂದಿಯಲ್ಲೂ ಸೋರಿತು. ತರಗತಿ ಕೇಕೆ ಹಾಕಿತು.

ಬೊಳಕಿ ಚೆಂಬು ಕೆಳಗಿಟ್ಟಳು.
ಅವನೆದುರು ಕುಕ್ಕರಗಾಲಲ್ಲಿ ಕೂತಳು.
ತಮ್ಮನಿಗೆ ಲೇಸು ಕಟ್ಟಲು ಕಲಿಸುವ ದನಿಯಲ್ಲಿ,
‘ಹಂಗಲ್ಲ.
ಕಿರುಬೆರಳು ಎರಡೂ ಸೇರಬೇಕು.
ಬಗ್ಗು, ಬಾಯಿನೇ ಕೈ ಹತ್ರ ಹೋಗ್ಬೇಕು.
ಮೊಣಕೈ ಮೇಲೆ, ಇಳಿದರೆ ಅಂಗಿ ಒದ್ದೆ.
ಸಾಕು ಅನ್ನೋಕೆ ಮಾತು ಬೇಡ,
ತಲೆ ಆಡಿಸು. ಅವರು ನೋಡ್ತಿರ್ತಾರೆ.’

ಅವರು.

ಹೊರಗೆ ತೋಟದಲ್ಲಿ ಯಾರೋ ಮೆಣಸಿನ ಏಣಿಯನ್ನು
ಒಂದು ಮರದಿಂದ ಇನ್ನೊಂದು ಮರಕ್ಕೆ ಸರಿಸುವ ಸದ್ದು.
ಪೂವಯ್ಯ ಕುಡಿದ.
ಒಂದು ತೊಟ್ಟೂ ಕೆಳಗೆ ಬೀಳಲಿಲ್ಲ.

ನಾನೂ ಸುರಿದಿದ್ದೆ. ಏಳು ವರ್ಷ ಆಗ ನನಗೆ,
ಹಿತ್ತಿಲ ಮೆಟ್ಟಿಲು, ನನಗಿಂತ ಭಾರದ ಚೆಂಬು.
ಎಷ್ಟು ಜಾಣೆ, ಹನಿಯೂ ಚೆಲ್ಲಲಿಲ್ಲ ಎಂದು
ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಿದ್ದಳು.
ಆ ಜಾಣತನ ನನ್ನ ಕೈಯದಲ್ಲ,
ಕೆಳಗೆ ಬಗ್ಗಿ ನಿಂತಿದ್ದ ಯಾರದೋ ಕೈಯದು ಎಂದು
ತಿಳಿಯಲು ಮೂವತ್ತೆಂಟು ವರ್ಷ ಬೇಕಾಯಿತು.
ಯಾರದು? ಮುಖ ನೆನಪಿಲ್ಲ.
ನೆತ್ತಿ ನೆನಪಿದೆ.

ಪುಟ ಹದಿನಾರು, ‘ನೀನು ಏನು ಕಲಿತೆ?’
ಪೂವಯ್ಯ ಬರೆದ: ಬೊಗಸೆ ಕಷ್ಟ.
ರಿಸಾನ ಮೂರು ಸಾಲು ಬರೆದು ಮೂರನ್ನೂ ಅಳಿಸಿದಳು,
ಕಾಗದ ಅಲ್ಲಿ ತೆಳ್ಳಗಾಗಿದೆ.
ಜೀವನ್: ಎಲ್ಲರೂ ಸಮಾನರು.
ಅಕ್ಷರ ದುಂಡಗಿದೆ.
ಬೊಳಕಿ ಏನೂ ಬರೆಯಲಿಲ್ಲ,
ಖಾಲಿ ಜಾಗದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು.

ಬೆಲ್ಲಾದ ಮೇಲೂ ನಿಂತೇ ಇದ್ದಳು.
‘ಮಿಸ್, ಈ ಆಟ ನಾಳೆನೂ ಇದೆಯಾ?’
ಯಾಕಮ್ಮ?
‘ಇದ್ರೆ ನಾಳೆ ಅಮ್ಮನ ಜೊತೆ ಮೆಣಸು ಕುಯ್ಯೋಕೆ ಹೋಗ್ತೀನಿ.
ಅಲ್ಲಿ ಕೂಲಿನಾದ್ರೂ ಕೊಡ್ತಾರೆ.’

ಶನಿವಾರದೊಳಗೆ ವರದಿ ಕಳಿಸಬೇಕು.
ಚಟುವಟಿಕೆ ಯಶಸ್ವಿಯೇ? ಹೌದು. ಇಲ್ಲ.
ಎರಡೇ ಚೌಕ.

ಎಲ್ಲರೂ ಹೋದ ಮೇಲೆ
ಸ್ಟಾಫ್ ರೂಮಿನ ಹಿಂದಿನ ನಲ್ಲಿಯ ಕೆಳಗೆ ಬಗ್ಗಿದೆ.
ವಾಚು ಬಿಚ್ಚಿ, ಕಿರುಬೆರಳು ಸೇರಿಸಿ, ಮೊಣಕೈ ಎತ್ತಿ.
ನಲ್ಲಿ ಯಾರನ್ನೂ ನೋಡುವುದಿಲ್ಲ,
ಆದರೂ ಸಾಕೆಂದು ತಲೆ ಆಡಿಸಿದೆ.
ಅದು ನಿಲ್ಲಲಿಲ್ಲ.
ಸೆರಗೆಲ್ಲ ಒದ್ದೆ.