ಒತಿಲಿಯಾಳ ಉಂಗುರ

ವಾಲ್ಪರೈಸೊದ ಆ ಗುಡ್ಡಕ್ಕೆ ನೂರ ಅರವತ್ತೆರಡು ಮೆಟ್ಟಿಲು.
ಮಾರ್ಚಿಯಲ್ಲಿ ಒತಿಲಿಯಾ ನಲವತ್ತಕ್ಕೇ ಕೂತಳು.
ನೀಲಿ ಬಾಗಿಲಿನ ನಾಯಿ ಬೊಗಳಿತು.
ಪಕ್ಕದ ಹಳಿಬಂಡಿ ಕಿರ್ರೆಂದು ಕರೆಯಿತು,
ಹತ್ತಲಿಲ್ಲ.

ಏಪ್ರಿಲಿಗೆ ಐವತ್ತೈದು.
ಬ್ರೆಡ್ಡಿನ ಮೇಲೆ ಬೆಣ್ಣೆ ತೆಳ್ಳಗಾಯಿತು, ಅಷ್ಟೆ.
ತೂಕದ ಯಂತ್ರ, ಜಿಪುಣ ಅಂಗಡಿಯವನ ಹಾಗೆ,
ಚಿಲ್ಲರೆಯಲ್ಲೇ ಲೆಕ್ಕ ತೀರಿಸಿತು:
ವಾರಕ್ಕೆ ಮುನ್ನೂರು ಗ್ರಾಂ,
ಒಮ್ಮೊಮ್ಮೆ ಅದೂ ಇಲ್ಲ.
ನಾಯಿ ಈಗ ಬಾಲ ಮಾತ್ರ ಆಡಿಸುತ್ತದೆ.

ಆಗಸ್ಟಿನ ಚಳಿ. ತುದಿಯ ಮೆಟ್ಟಿಲು.
ಸಾಬೂನಿಗೆ, ಎಣ್ಣೆಗೆ, ಆಸ್ಪತ್ರೆಯ ದಾರಕ್ಕೆ
ಹನ್ನೊಂದು ವರ್ಷ ಜಗ್ಗದ ಉಂಗುರ,
ಬಿಟ್ಟುಹೋದವನದು,
ಕೈಗವಸು ಕಳಚುವಾಗ ತಾನೇ ಜಾರಿ
ಠಣ್ ಠಣ್ಣೆಂದು ಇಳಿಯಿತು.

ಹುಡುಕಲು ಇಳಿದರೆ ಮತ್ತೆ ಹತ್ತಬೇಕು.
ಹತ್ತಬಲ್ಲೆ, ಅಂದುಕೊಂಡಳು.
ಅಲ್ಲೇ ಕೂತು
ಕಿತ್ತಳೆ ಸುಲಿಯತೊಡಗಿದಳು.